ಬಾಗಿಲಿಲ್ಲದ ಮನೆಯ ನಗೆನಾಟಕ

ರೇಡಿಯೋಗೆ ನಗೆನಾಟಕ ಬರೆಯುವ ಹುಚ್ಚು ನನಗೆ ಹಿಡಿದದ್ದು ನಮ್ಮ ಮಾವನವರಿಂದ. ಪಾಪ, ಅವರಿಗೆ ಅದು ಇವತ್ತಿಗೂ ಗೊತ್ತಿಲ್ಲ. ಹೇಳಿದರೆ "ನಾನೇನವ್ವಾ ಮಾಡ್ದೆ?" ಅಂತ ನನ್ನನ್ನೇ ಕೇಳುತ್ತಾರೆ.

ಪಾಂಡವಪುರದಲ್ಲಿ ನಮ್ಮದು ಮರಗೆಲಸದ ಮನೆ. ಮಾವ ಮತ್ತು ನನ್ನ ಗಂಡ ಮನೆಯ ಪಕ್ಕದ ಶೆಡ್ಡಿನಲ್ಲಿ ಬಾಗಿಲು, ಕಿಟಕಿ, ಮಂಚ ಮಾಡುತ್ತಾರೆ. ಶೆಡ್ಡಿನ ಗೋಡೆಗೆ ಮೊಳೆ ಹೊಡೆದು ಒಂದು ರೇಡಿಯೋ ನೇತುಹಾಕಿದ್ದಾರೆ. ಬೇಕಾದ್ದೆಲ್ಲ ಮೊಬೈಲಿನಲ್ಲೇ ಬರುವ ಈ ಕಾಲದಲ್ಲೂ ಮಾವನಿಗೆ ಅದೇ ಆಗಬೇಕು. ಬೆಳಿಗ್ಗೆ ಗರಗಸದ ಜೊತೆಗೆ ಶುರುವಾದರೆ ಸಂಜೆ ಅವರು ಕೈಕಾಲು ತೊಳೆಯುವವರೆಗೂ ಅದು ಬಾಯಿ ಮುಚ್ಚುವುದಿಲ್ಲ. ಮೊಬೈಲು ಕೊಟ್ಟರೆ, "ಅದುನ್ನ ನೋಡ್ತಾ ಕೂತ್ರೆ ಕೈ ಕುಯ್ಕತೀನಿ ಕಣವ್ವಾ. ಇದಾದ್ರೆ ಕಿವಿಗ್ ಮಾತ್ರ" ಅನ್ನುತ್ತಾರೆ.

ಭಾನುವಾರ ಮಧ್ಯಾಹ್ನ ಅದರಲ್ಲಿ ಹತ್ತು ನಿಮಿಷದ ಒಂದು ಪುಟ್ಟ ನಗೆನಾಟಕ ಬರುತ್ತದೆ. ಮಾವ ಕೆಲಸ ನಿಲ್ಲಿಸಿ, ಹಲಗೆಗಳ ಮೇಲೆ ಕೂತು ಅದನ್ನು ಕೇಳುತ್ತಾರೆ. ಒಂದು ಭಾನುವಾರ ನಾನು ಮಜ್ಜಿಗೆ ತೆಗೆದುಕೊಂಡು ಹೋದಾಗ ರೇಡಿಯೋದೊಳಗೆ ಯಾರೋ ಗಂಡ ಹೆಂಡತಿ ಕಿತ್ತಾಡುತ್ತಿದ್ದರು. ಅವರ ಹಿಂದೆ ಜನ ಗೊಳ್ಳೆಂದು ನಗುತ್ತಿದ್ದರು. ಮಾವನ ಮುಖ ಮಾತ್ರ ಗಂಟಿಕ್ಕಿಕೊಂಡಿತ್ತು. "ಇವ್ರು ನಗ್ಸಕ್ ಬಂದವ್ರೋ, ಪ್ರಾಣ ತಗಿಯಕ್ ಬಂದವ್ರೋ" ಅಂದರು. ನಾನು ಲೋಟ ಕೊಟ್ಟು ಬರಬೇಕಿತ್ತು. ಬಾಯಿ ಸುಮ್ಮನಿರಬೇಕಲ್ಲ! "ಇವ್ರಿಗಿಂತ ನಾನೇ ಸಂದಾಗಿ ಬರೀತೀನಿ ಬುಡಿ ಮಾವ" ಅಂದುಬಿಟ್ಟೆ.

ಮಾವ ನಕ್ಕರು. ಮಜ್ಜಿಗೆ ಮೂಗಿಗೇರಿ ಕೆಮ್ಮು ಬರುವಷ್ಟು ನಕ್ಕರು. ರೇಡಿಯೋದವರು ನಗಿಸದ ಮನುಷ್ಯನನ್ನು ನಾನು ನಗಿಸಿದೆನಲ್ಲ ಅಂತ ಮೊದಲು ಖುಷಿಯಾಯಿತು. ಅಡುಗೆಮನೆಗೆ ಬಂದ ಮೇಲೆ, ಅವರು ನಕ್ಕಿದ್ದು ನನ್ನ ಮಾತಿಗಲ್ಲ, ನಾನು ಬರೆಯುತ್ತೇನೆ ಅಂದದ್ದಕ್ಕೆ ಅಂತ ಹೊಳೆದು ಮೈಯೆಲ್ಲ ಉರಿದುಹೋಯಿತು. ಅವತ್ತೇ ತೀರ್ಮಾನಿಸಿದೆ. ಆ ಡಬ್ಬದೊಳಗಿಂದ ನನ್ನ ನಾಟಕ ಬರಬೇಕು, ಮಾವ ಆ ಹಲಗೆಗಳ ಮೇಲೆ ಕೂತು ಕೇಳಬೇಕು, ಕೇಳಿ ನಗಬೇಕು. ಹೆಸರು, ಸನ್ಮಾನ, ಶಾಲು ಯಾವುದೂ ನನಗೆ ಬೇಕಾಗಿರಲಿಲ್ಲ.

ನಗಿಸುವ ವಿದ್ಯೆ ತವರಿಂದ ಬಂದದ್ದಂತೂ ಅಲ್ಲ. ನಾಗಮಂಗಲದಲ್ಲಿ ನಮ್ಮಪ್ಪ ಅಕ್ಕಸಾಲಿ. ಅರದಿಂದ ಉಜ್ಜಿದ ಚಿನ್ನದ ಪುಡಿ ಅವರ ಮುಂದಿನ ತಟ್ಟೆಯಲ್ಲಿರುತ್ತಿತ್ತು. ಅದರ ಹತ್ತಿರ ಸೀನುವಂತಿಲ್ಲ, ಫ್ಯಾನು ಹಾಕುವಂತಿಲ್ಲ, ನಗುವ ಹಾಗಂತೂ ಮೊದಲೇ ಇಲ್ಲ. "ಉಸ್ರು ಬಿಗಿ ಇಡ್ಕಳ್ರವ್ವಾ" ಅಂತ ಅಪ್ಪ ತಲೆ ಎತ್ತದೆ ಗದರುತ್ತಿದ್ದರು. ನಗು ಬಂದರೆ ನಾನೂ ನಮ್ಮಕ್ಕನೂ ಹಿತ್ತಲ ತೆಂಗಿನಮರದ ಬುಡಕ್ಕೆ ಓಡಿಹೋಗಿ ನಕ್ಕು ಬರುತ್ತಿದ್ದೆವು. ಎಷ್ಟೋ ಸಲ ಅಲ್ಲಿಗೆ ಹೋಗುವಷ್ಟರಲ್ಲಿ ಯಾಕೆ ನಗು ಬಂದಿತ್ತು ಅನ್ನುವುದೇ ಮರೆತುಹೋಗಿರುತ್ತಿತ್ತು. ಆದರೂ ನಗುತ್ತಿದ್ದೆವು.

ನಾಟಕ ಬರೆದೆ. ಒಬ್ಬ ಯಜಮಾನ ಮನೆ ಕಟ್ಟಿಸುತ್ತಿದ್ದಾನೆ. ಬಡಗಿ ಬಾಗಿಲು ಕೂರಿಸುತ್ತಾನೆ. ವಾಸ್ತು ಹೇಳುವವನು ಬಂದು, ಈ ದಿಕ್ಕು ಸರಿಯಿಲ್ಲ ಅನ್ನುತ್ತಾನೆ. ಬಾಗಿಲು ಕಿತ್ತು ಅಲ್ಲಿ ಗೋಡೆ ಕಟ್ಟಿ, ಇನ್ನೊಂದು ದಿಕ್ಕಿಗೆ ಕೂರಿಸುತ್ತಾರೆ. ಅದೂ ಸರಿಯಿಲ್ಲ. ಹೀಗೇ ಎಲ್ಲ ದಿಕ್ಕೂ ಮುಗಿದು, ಕೊನೆಗೆ ಮನೆಗೆ ಬಾಗಿಲೇ ಇರುವುದಿಲ್ಲ. ಬಡಗಿ ಒಳಗೇ ಉಳಿದುಬಿಟ್ಟಿರುತ್ತಾನೆ. ಯಜಮಾನ ಕಿಟಕಿಯಿಂದ ಇಣುಕಿ, "ಆಚಾರ್ರೆ, ಈಗ ಗಾಳಿ ಬೆಳಕು ಎಂಗದೆ?" ಅಂತ ಕೇಳುತ್ತಾನೆ. ಬರೆಯುವಾಗ ನನಗೇ ನಗು ತಡೆಯಲಾಗಲಿಲ್ಲ. ಗಂಡ ಬಾಗಿಲಲ್ಲಿ ನಿಂತು, "ಬರ್ಕಳಮ್ಮಿ, ಬ್ಯಾಡ ಅನ್ನಲ್ಲ. ಒಲೆ ಮ್ಯಾಲೆ ಆಲು ಮಡಗಿದ್ದೀಯ, ಅದು ಉಕ್ಕೋ ಮುಂಚೆ ನಕ್ಬುಡು" ಅಂದ. ಅಷ್ಟರಲ್ಲಿ ಹಾಲು ಉಕ್ಕಿ ಆಗಿತ್ತು.

ಯಾವ ರೇಡಿಯೋ ಕೇಂದ್ರ ಅಂತ ಹೇಳುವುದಿಲ್ಲ. ಇನ್ನೂ ಅಲ್ಲಿಗೆ ಹೋಗಿ ಬರಬೇಕಾದವಳು ನಾನು. ಶ್ರೀರಂಗಪಟ್ಟಣದಲ್ಲಿ ಬಸ್ಸು ಬದಲಿಸಿ, ನಿಂತುಕೊಂಡೇ ಹೋಗಿ ಇಳಿದೆ. ಗೇಟಿನಲ್ಲಿ ಕಾವಲುಗಾರ ಕೇಳಿದ, "ಯಾರ ಕಡೆಯವರಮ್ಮ?"

ಹೆಣ್ಣು ನೋಡಲು ಬಂದವರ ಮುಂದೆ ಒಪ್ಪಿಸುವ ಹಾಗೆ, ನಾಗಮಂಗಲದ ಇಂಥವರ ಮಗಳು, ಪಾಂಡವಪುರದ ಇಂಥವರ ಸೊಸೆ ಅಂತೆಲ್ಲ ಒಪ್ಪಿಸಿದೆ.

"ಅದಲ್ಲಮ್ಮ. ಒಳಗಡೆ ಯಾರು ಗೊತ್ತು ನಿಮಗೆ?"

"ಯಾರೂ ಗೊತ್ತಿಲ್ಲ."

"ಮತ್ತೆ ಹೆಂಗ್ ಬಂದ್ರಿ?"

"ಬಸ್ಸಲ್ಲಿ" ಅಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ ಒಳಗೆ ಬಿಟ್ಟ.

ಒಳಗೆ ಕೂತಿದ್ದಷ್ಟು ಹೊತ್ತೂ, ಬರುವವರು ಹೋಗುವವರು ಎಲ್ಲ "ಏನ್ ಗುರುವೇ" ಅಂತ ಒಬ್ಬರ ಬೆನ್ನು ಒಬ್ಬರು ತಟ್ಟುತ್ತಿದ್ದರು. ಅವರಲ್ಲೇ ಒಬ್ಬರು ಬರೆಯುತ್ತಾರಂತೆ, ಇನ್ನೊಬ್ಬರು ಮಾತಾಡುತ್ತಾರಂತೆ, ಮುಂದಿನ ವಾರ ಅವರು ಬರೆದರೆ ಇವರು ಮಾತಾಡುತ್ತಾರಂತೆ. ಯಾರದೋ ಮನೆಯ ಮದುವೆಗೆ ಕರೆಯದೆ ಬಂದವಳ ಹಾಗೆ ನಾನು ಸೆರಗು ಸರಿಮಾಡಿಕೊಳ್ಳುತ್ತಾ ಕೂತಿದ್ದೆ. ಕೊನೆಗೆ ನಗೆನಾಟಕ ನೋಡಿಕೊಳ್ಳುವ ಅಧಿಕಾರಿ ಕರೆದರು. ಒಳ್ಳೆಯ ಮನುಷ್ಯ, ಮೃದು ಮಾತು. ನಾನು ಕೊಟ್ಟ ಹಾಳೆಗಳನ್ನು ನನ್ನೆದುರಿಗೇ ಓದಿದರು. ಎರಡನೇ ಗೋಡೆ ಕಟ್ಟುವಾಗ ಮುಗುಳ್ನಕ್ಕರು. ಮೂರನೆಯದಕ್ಕೆ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಯಜಮಾನ ಕಿಟಕಿಯಿಂದ ಇಣುಕಿದಾಗ ಮೇಜು ಬಡಿದು ನಕ್ಕರು. ಗೆದ್ದೆ ಅಂದುಕೊಂಡೆ.

"ಇದು ನಮಗೆ ಆಗಲ್ಲಮ್ಮ" ಅಂದರು.

"ನಕ್ಕಿರಲ್ಲ ಸಾರ್!"

"ನಕ್ಕಿದ್ದು ನಾನಮ್ಮ. ಕೇಂದ್ರ ನಗಬೇಕಲ್ಲ."

ಕೇಂದ್ರ ಅಂದರೆ ಯಾರು, ಅದಕ್ಕೆ ಬಾಯಿ ಎಲ್ಲಿದೆ ಅಂತ ಕೇಳಬೇಕು ಅನ್ನಿಸಿತು. ಅಷ್ಟರಲ್ಲಿ ಅವರು ಕೊನೆಯ ಹಾಳೆಗಳನ್ನು ತಿರುವಿ, "ಇದೇನಮ್ಮ, ಇದಕ್ಕೆ ಮೂರು ಕೊನೆ ಇದೆ?" ಅಂತ ಗಾಬರಿಯಾದರು. ನಾನು ವಿವರಿಸಿದೆ. ನಮ್ಮಲ್ಲಿ ಬಾಗಿಲು ಮಾಡುವಾಗ ಅಳತೆಗಿಂತ ಒಂದಿಷ್ಟು ಜಾಸ್ತಿಯೇ ಬಿಟ್ಟಿರುತ್ತಾರೆ. ಚೌಕಟ್ಟಿನ ಹತ್ತಿರ ತೆಗೆದುಕೊಂಡು ಹೋಗಿ, ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಹೆರೆದು ಹೆರೆದು ಕೂರಿಸುತ್ತಾರೆ. ಮೊದಲೇ ಸರಿ ಅಳತೆಗೆ ಕೊಯ್ದರೆ ಕೆಟ್ಟಿತು, ಆಮೇಲೆ ಸೇರಿಸಲು ಬರುವುದಿಲ್ಲ. ಅದಕ್ಕೇ ನಾನೂ ಜಾಸ್ತಿ ಬಿಟ್ಟು ತಂದಿದ್ದೇನೆ, ನಿಮ್ಮ ಹತ್ತು ನಿಮಿಷಕ್ಕೆ ಹೇಗೆ ಕೂರುತ್ತದೋ ಹಾಗೆ ಹೆರೆದುಕೊಳ್ಳಿ ಅಂದೆ.

"ಇದು ಬಾಗಿಲಲ್ಲಮ್ಮ" ಅಂದರು.

ಅದು ನನಗೂ ಗೊತ್ತಿತ್ತು. ಆದರೆ ಅದು ಏನು ಅಂತ ಅವರೂ ಹೇಳಲಿಲ್ಲ. ವಾಸ್ತು ನಂಬುವ ಕೇಳುಗರಿಗೆ ನೋವಾಗಬಾರದು ಅಂದರು. ಸ್ವಲ್ಪ ಶುದ್ಧ ಭಾಷೆ ಇರಲಿ ಅಂದರು. ಆದರೆ ಮಣ್ಣಿನ ಸೊಗಡು ಹೋಗಬಾರದು ಅಂತಲೂ ಅಂದರು. ಎಲ್ಲದಕ್ಕೂ ತಲೆಯಾಡಿಸಿ ಹೊರಗೆ ಬಂದೆ.

ವಾಪಸು ಬರುವಾಗ ತಲೆ ಕೆಟ್ಟು ಕೆರ ಹಿಡಿದಿತ್ತು. ಶ್ರೀರಂಗಪಟ್ಟಣದಲ್ಲಿ ಇಳಿದು, ಪಾಂಡವಪುರದ ಬಸ್ಸು ಬಿಟ್ಟು, ಆಟೋ ಹತ್ತಿ ಗಂಜಾಂಗೆ ಹೋದೆ. ನಿಮಿಷಾಂಬ ಕೇಳಿದ್ದನ್ನು ನಿಮಿಷದಲ್ಲಿ ಕೊಡುತ್ತಾಳೆ ಅನ್ನುತ್ತಾರೆ. ಕೈ ಮುಗಿದು ನಿಂತರೆ ಏನು ಕೇಳಬೇಕು ಅನ್ನುವುದೇ ಹೊಳೆಯಲಿಲ್ಲ. ನಾಟಕ ಒಪ್ಪಿಕೊಳ್ಳಲಿ ಅಂತ ಕೇಳುವುದೋ, ಅವರು ಹೇಳಿದ್ದು ನನಗೆ ಅರ್ಥವಾಗಲಿ ಅಂತ ಕೇಳುವುದೋ? ಹಿಂದಿನವರು ನೂಕಿದರು. ಕುಂಕುಮ ತೆಗೆದುಕೊಂಡು ಹೊಳೆಯ ಮೆಟ್ಟಿಲ ಮೇಲೆ ಕೂತು ಕಡಲೆಪುರಿ ತಿಂದು ಮನೆಗೆ ಬಂದೆ.

ರೇಡಿಯೋದಲ್ಲಿ ಹಿಂದೆ ಒಂದಷ್ಟು ನಾಟಕ ಬಂದಿದ್ದ ಒಬ್ಬ ನಿವೃತ್ತ ಮೇಷ್ಟ್ರು ಕೆ.ಆರ್. ಪೇಟೆಯಲ್ಲಿದ್ದಾರೆ ಅಂತ ಯಾರೋ ಹೇಳಿದರು. ಅಲ್ಲಿಗೂ ಹೋದೆ. ಮೇಷ್ಟ್ರು ಜಗಲಿಯಲ್ಲಿ ಬನಿಯನ್ನಿನಲ್ಲಿ ಕೂತು ಪೂರ್ತಿ ಓದಿದರು. ಒಂದು ಸಲವೂ ನಗಲಿಲ್ಲ. ಓದಿ ಮುಗಿಸಿ, "ಬೋ ಸಂದಾಗದೆ" ಅಂದರು.

ನಕ್ಕವರು ಆಗಲ್ಲ ಅಂದರು, ನಗದವರು ಚೆನ್ನಾಗಿದೆ ಅಂತಾರೆ. ನನಗೆ ದಿಕ್ಕೇ ತೋಚಲಿಲ್ಲ. "ಮತ್ತೆ ಯಾಕ್ ಸಾ ತಗಳಲ್ಲ ಅಂತಾರೆ?" ಅಂದೆ.

"ಅವ್ರಿಗೆ ಎಲ್ ನಗ್ಬೇಕು ಅಂತ ಗೊತ್ತಾಗಕಿಲ್ಲ ಕಣಮ್ಮ. ನಗಾ ಕಡೆ ಎಲ್ಲಾ ಪಕ್ಕದಲ್ಲಿ 'ನಗು' ಅಂತ ಬರ್ದುಬುಡು. ಇನ್ನೊಂದು, ಒಂದ್ ಸಂದೇಶ ಮಡಗು. ಸಂದೇಶ ಇಲ್ದಿದ್ರೆ ಅವ್ರ್ ಕೈಯೇ ಓಡಕಿಲ್ಲ."

ಮೇಷ್ಟ್ರು ಹೇಳಿದ ಹಾಗೇ ಮಾಡಿದೆ. ಎಲ್ಲೆಲ್ಲಿ ಬೇಕೋ ಅಲ್ಲೆಲ್ಲ 'ನಗು' ಅಂತ ಬರೆದೆ. ಒಳಗೆ ಸಿಕ್ಕಿಕೊಂಡ ಬಡಗಿ ಕಿಟಕಿಯಿಂದ ಕೈ ಹೊರಗೆ ಹಾಕಿ, ಮಳೆನೀರು ಕೊಯ್ಲಿನ ಉಪಯೋಗಗಳನ್ನು ಊರಿನವರಿಗೆ ತಿಳಿಸಿಕೊಡುತ್ತಾನೆ. ಬರೆದು, ಇನ್ನೊಂದು ಸಲ ಓದದೆ ಮಡಿಚಿ ಚೀಲಕ್ಕೆ ಹಾಕಿಕೊಂಡು ಮತ್ತೆ ರೇಡಿಯೋ ಕೇಂದ್ರಕ್ಕೆ ಹೋದೆ. ಅದೇ ಅಧಿಕಾರಿಗಳು ಓದಿದರು. ಈ ಸಲ ಮುಖದ ಮೇಲೆ ಒಂದು ಗೆರೆಯೂ ಅಲ್ಲಾಡಲಿಲ್ಲ. "ಈಗ ಒಂದು ಹದಕ್ಕೆ ಬಂತು ನೋಡಿ" ಅಂದರು. 'ನಗು' ಅಂತ ಬರೆದದ್ದನ್ನೆಲ್ಲ ಮಾತ್ರ ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, "ಕೇಳುಗರಿಗೆ ಅಪ್ಪಣೆ ಕೊಟ್ಟ ಹಾಗಿದೆ" ಅಂದರು. ಅವರು ನಗಲಿಲ್ಲ ಅನ್ನುವುದಕ್ಕೆ ನಾನು ಸಂತೋಷಪಟ್ಟೆ ಅಂದರೆ ನಂಬುತ್ತೀರಾ? ಹೇಳಿಕಳಿಸುತ್ತೇವೆ ಅಂದರು. ನನ್ನ ನಂಬರು ಬರೆದುಕೊಂಡರು.

ಆಮೇಲೆ ಪ್ರತಿ ಭಾನುವಾರ ನಾನೂ ಶೆಡ್ಡಿಗೆ ಹೋಗಿ ನಿಲ್ಲತೊಡಗಿದೆ. ಮಾವ ರೇಡಿಯೋದ ಕಿವಿ ಹಿಂಡುತ್ತಾ, "ಏನವ್ವಾ, ಇವತ್ತಾರ ಬತ್ತದಾ ನಿಂದು?" ಅನ್ನುವುದು. ನಾನು "ಬತ್ತದೆ ಮಾವ" ಅನ್ನುವುದು. ಒಳಗಿಂದ ಬೇರೆ ಯಾರದೋ ಬರುವುದು. ಅವರು ಗೇಲಿ ಮಾಡುತ್ತಿದ್ದಾರೋ, ನಿಜವಾಗಿ ಕಾಯುತ್ತಿದ್ದಾರೋ ಅಂತ ನನಗೆ ತಿಳಿಯುತ್ತಿರಲಿಲ್ಲ. ಒಂದು ದಿನ ಮಾತ್ರ, ಬೇರೆಯವರ ನಾಟಕ ಶುರುವಾದ ಕೂಡಲೇ ತಟ್ಟನೆ ಆರಿಸಿ, "ನಿಂದಲ್ಲ ಕಣವ್ವಾ, ಓಗು" ಅಂದು ಕೆಲಸಕ್ಕೆ ಎದ್ದರು. ಆವತ್ತು ನನಗೆ ಅಳು ಬಂತು. ಯಾಕೆ ಬಂತು ಅಂತ ಕೇಳಬೇಡಿ.

ಫೋನು ಬಂತು. ಬಂದದ್ದು ಒಂದು ಅಮಾವಾಸ್ಯೆಯ ಬೆಳಿಗ್ಗೆ.

ನಮ್ಮ ಕಸುಬಿನವರಿಗೆ ಅಮಾವಾಸ್ಯೆ ರಜ. ಹಿಂದಿನ ಸಂಜೆಯೇ ಉಳಿ, ಗರಗಸ, ಸುತ್ತಿಗೆ ಎಲ್ಲ ಒರೆಸಿ ಹಲಗೆಯ ಮೇಲೆ ಜೋಡಿಸಿ, ಬೆಳಿಗ್ಗೆ ಕುಂಕುಮ ಇಟ್ಟು ಊದಿನಕಡ್ಡಿ ಹಚ್ಚಿದರೆ, ಮಾರನೆಯ ದಿನದವರೆಗೆ ಯಾರೂ ಮುಟ್ಟುವಂತಿಲ್ಲ. ಆಯುಧಕ್ಕೂ ಒಂದು ದಿನ ವಿಶ್ರಾಂತಿ ಬೇಕು ಅನ್ನುತ್ತಾರೆ ಮಾವ. ಎಂಥ ದೊಡ್ಡವರು ಬಂದು ಅವಸರದ ಕೆಲಸ ಅಂದರೂ ಕೇಳುವುದಿಲ್ಲ. ಈ ರಜ ಗಂಡಸರದು, ಹೇಳಿಬಿಡುತ್ತೇನೆ. ಈಳಿಗೆಮಣೆಗೆ ಅಮಾವಾಸ್ಯೆ ಇಲ್ಲ, ರುಬ್ಬುವ ಕಲ್ಲಿಗೆ ಅಮಾವಾಸ್ಯೆ ಇಲ್ಲ. ಅವತ್ತು ವಡೆ, ಪಾಯಸ ಅಂತ ನನಗೆ ಎರಡು ಪಟ್ಟು ಕೆಲಸ. ಮದುವೆಯಾಗಿ ಬಂದ ದಿನದಿಂದ, ಚಾಕು ಕೆಳಗಿಡವ್ವಾ ಅಂತ ಯಾರೂ ನನಗೆ ಹೇಳಿದವರಿಲ್ಲ.

ಫೋನಿನಲ್ಲಿ ಅಧಿಕಾರಿಗಳು ಅವಸರದಲ್ಲಿದ್ದರು. ಇವತ್ತು ಮಧ್ಯಾಹ್ನವೇ ನಿಮ್ಮ ನಾಟಕದ ಧ್ವನಿಮುದ್ರಣ, ಕಲಾವಿದರು ಬಂದಿದ್ದಾರೆ ಅಂದರು. ಆದರೆ ಬಡಗಿಯನ್ನು ಒಳಗೇ ಬಿಟ್ಟರೆ ಹಿಂಸೆಯ ಹಾಗೆ ಕೇಳಿಸುತ್ತದೆ, ಅವನನ್ನು ಹೇಗಾದರೂ ಹೊರಗೆ ತನ್ನಿ, ಹೊಸ ಕೊನೆ ಬರೆದು ಊಟದ ಹೊತ್ತಿಗಿಂತ ಮುಂಚೆ ಫೋಟೋ ತೆಗೆದು ವಾಟ್ಸಪ್ಪಿಗೆ ಕಳಿಸಿ. ಆಗದಿದ್ದರೆ ಹೇಳಿಬಿಡಿ, ಇನ್ನೊಬ್ಬರದು ಸಿದ್ಧವಾಗಿದೆ ಅಂದರು.

ಒಲೆ ಆರಿಸಿದೆ. ಪೆನ್ನು ಹಾಳೆ ಹಿಡಿದು ಹಜಾರದಲ್ಲಿ ಕೂತೆ. ಬಡಗಿಯನ್ನು ಹೇಗೆ ಹೊರಗೆ ತರುವುದು ಅಂತ ತಲೆ ಗಿರಗಿರ ತಿರುಗುತ್ತಿತ್ತು. ಎರಡು ಸಾಲು ಕೂಡ ಆಗಿರಲಿಲ್ಲ. ಸ್ನಾನ ಮಾಡಿ ವಿಭೂತಿ ಇಟ್ಟುಕೊಂಡು ಮಾವ ಒಳಗೆ ಬಂದರು. ನಿಂತರು.

"ಏನವ್ವಾ ಮಾಡ್ತಾ ಇದ್ದೀಯೆ? ಕೆಳಗ್ ಮಡಗು ಅದ. ಇವತ್ತು ಅಮಾಸೆ."

"ಮಾವ, ಇದು ಪೆನ್ನು."

"ನಂಗೂ ಕಣ್ಣವೆ ಕಣವ್ವಾ, ಕಾಣ್ತದೆ. ನಮ್ಗೆ ಉಳಿ ಎಂಗೋ, ನಿಂಗ್ ಅದು ಅಂಗೆ. ಕಸುಬು ಅಂದ್ಮೇಲೆ ಎಲ್ಲಾ ಒಂದೇಯ. ತಕ್ಕೊಂಡೋಗಿ ಅವುಗಳ ಜೊತೇಲಿ ಮಡಗು, ನಾನ್ ಕುಂಕುಮ ಇಕ್ತೀನಿ."

ಈ ಮನೆಗೆ ಬಂದಾಗಿನಿಂದ ನಾನು ಮಾಡಿದ ಯಾವುದನ್ನೂ ಯಾರೂ ಕಸುಬು ಅಂದಿರಲಿಲ್ಲ. ಬರೆಯುತ್ತೇನೆ ಅಂದದ್ದಕ್ಕೆ ಕೆಮ್ಮು ಬರುವಷ್ಟು ನಕ್ಕಿದ್ದ ಮನುಷ್ಯ ಇವರೇ. ಇವರು ಈಗ ನನ್ನ ಪೆನ್ನಿಗೆ ಕುಂಕುಮ ಇಡುತ್ತೇನೆ ಅನ್ನುತ್ತಿದ್ದಾರೆ. ಕಾಲಿಗೆ ಬೀಳಬೇಕು ಅನ್ನಿಸಿತು. ಮರುಕ್ಷಣವೇ, ಅಯ್ಯೋ ಪುಣ್ಯಾತ್ಮ, ಇದನ್ನು ಹೇಳಲು ನಿಮಗೆ ಇವತ್ತೇ ಆಗಬೇಕಿತ್ತಾ, ನಿನ್ನೆ ಹೇಳಬಾರದಿತ್ತಾ, ನಾಳೆ ಹೇಳಬಾರದಿತ್ತಾ ಅಂತ ಕಿರುಚಬೇಕು ಅನ್ನಿಸಿತು.

"ಮಾವ, ಇವತ್ತು ಬರೀದಿದ್ರೆ ನಂದು ರೇಡಿಯೋದಲ್ಲಿ ಬರಕಿಲ್ಲ" ಅಂದೆ.

ಅವರ ಮುಖ ಸಣ್ಣದಾಯಿತು. ಆಮೇಲೆ ಮೆತ್ತಗೆ, "ನಿನ್ನಿಷ್ಟ ಕಣವ್ವಾ. ನಾನ್ ಯೋಳೋದ್ ಯೋಳಿವ್ನಿ" ಅಂದು ಶೆಡ್ಡಿನ ಕಡೆ ಹೋದರು.

ಅವರು ಗದರಿದ್ದರೆ ಬರೆದುಬಿಡುತ್ತಿದ್ದೆ. ನನಗೂ ಹಟ ಇದೆ. ನನ್ನಿಷ್ಟಕ್ಕೆ ಬಿಟ್ಟು ಹೋದದ್ದೇ ಕೆಟ್ಟಿತು. ಬರೆದರೆ, ಇದು ಕಸುಬಲ್ಲ ಮಾವ, ಸುಮ್ಮನೆ ಗೀಚುವುದು ಅಂತ ನಾನೇ ಒಪ್ಪಿಕೊಂಡ ಹಾಗೆ. ಬರೆಯದಿದ್ದರೆ ಆ ಕಸುಬೇ ಕೈಬಿಟ್ಟು ಹೋಗುತ್ತದೆ. ಹಾಳೆ ನೋಡುತ್ತಾ ಎಷ್ಟು ಹೊತ್ತು ಕೂತೆನೋ. ಫೋನಲ್ಲಿ ಬಾಯಲ್ಲೇ ಹೇಳಿ ಕಳಿಸಬಹುದಿತ್ತಲ್ಲಮ್ಮಿ ಅಂತ ಗಂಡ ಆಮೇಲೆ ಅಂದ. ಆಮೇಲೆ ಎಲ್ಲರಿಗೂ ಎಲ್ಲವೂ ಹೊಳೆಯುತ್ತದೆ. ಆಗ ನಾನು ಮಾಡಿದ್ದು ಇಷ್ಟು: ಪೆನ್ನು ತೆಗೆದುಕೊಂಡು ಹೋಗಿ ಉಳಿಗಳ ಪಕ್ಕ ಇಟ್ಟು ಬಂದೆ. ಬಚ್ಚಲುಮನೆಯ ಹಿಂದೆ ಹೋಗಿ, ಯಾರಿಗೂ ಕೇಳಿಸದ ಹಾಗೆ ಅಧಿಕಾರಿಗಳಿಗೆ ಫೋನು ಮಾಡಿದೆ.

"ಸಾರ್, ಇವತ್ತು ಅಮಾವಾಸ್ಯೆ. ಅಮಾವಾಸ್ಯೆ ದಿನ ನಾವು ಆಯುಧ ಮುಟ್ಟಲ್ಲ. ನಾಳೆ ಬೆಳಿಗ್ಗೆ ಎದ್ದ ತಕ್ಷಣ ಬರೆದುಕೊಡ್ತೀನಿ."

"ಯಾವ ಆಯುಧಾನಮ್ಮ?"

"ಪೆನ್ನು ಸಾರ್."

ಆ ಕಡೆ ನಗು ಎದ್ದಿತು. ಮೊದಲ ದಿನ ಮೇಜು ಬಡಿದು ನಕ್ಕರಲ್ಲ, ಅದಕ್ಕಿಂತ ಜೋರು. ಪಕ್ಕದಲ್ಲಿದ್ದವರಿಗೂ ಹೇಳಿದರು, ಅವರೂ ನಕ್ಕರು. "ಚೆನ್ನಾಗಿದೆಯಮ್ಮ, ತುಂಬ ಚೆನ್ನಾಗಿದೆ" ಅಂದರು. ನಾನು ತಮಾಷೆ ಮಾಡುತ್ತಿಲ್ಲ ಅಂತ ಹೇಳುವಷ್ಟರಲ್ಲಿ, ಆಗಲಿ, ಮುಂದೆ ನೋಡೋಣ ಅಂತ ಇಟ್ಟುಬಿಟ್ಟರು. ಅವತ್ತು ಇನ್ನೊಬ್ಬರ ನಾಟಕ ಮುದ್ರಣವಾಯಿತು. ಮಾರನೆಯ ದಿನ ನಾನು ಕಳಿಸಿದ ಹೊಸ ಕೊನೆಗೆ, ನೋಡಿದ್ದಾರೆ ಅನ್ನುವ ಎರಡು ನೀಲಿ ಗೆರೆ ಬಂದವು, ಉತ್ತರ ಬರಲಿಲ್ಲ.

ಕೆಲವು ವಾರ ಕಳೆದ ಮೇಲೆ, ಒಂದು ಭಾನುವಾರ, ಮಾವ ಹಲಗೆಗಳ ಮೇಲೆ ಕೂತಿದ್ದರು. ನಾನು ಮಜ್ಜಿಗೆ ಹಿಡಿದು ನಿಂತಿದ್ದೆ. ನಾಟಕ ಶುರುವಾಯಿತು. ಬರೆದವರ ಹೆಸರು ಹೇಳಿದರು, ನಾನು ಕೇಳಿದ ಹೆಸರಲ್ಲ. ಯಾವುದೋ ಕಚೇರಿ, ಯಾರೋ ಸಾಹೇಬರು, ಏನೇನೋ ಗಲಾಟೆ. ನಡುವೆ ಫೋನು ಹೊಡೆದುಕೊಳ್ಳುತ್ತದೆ. ನಮ್ಮ ಕಡೆಯ ಮಾತನ್ನು ಎಳೆದೆಳೆದು ಆಡುತ್ತಾ ಒಂದು ಹೆಂಗಸಿನ ದನಿ ಹೇಳುತ್ತದೆ: "ಇವತ್ತು ಅಮಾಸೆ ಸಾ. ಅಮಾಸೆ ದಿನ ನಾವು ಆಯುಧ ಮುಟ್ಟಾಕಿಲ್ಲ." "ಯಾವ ಆಯುಧಾನಮ್ಮ?" "ಪೆನ್ನು ಸಾ!"

ಗೊಳ್ಳೆಂದು ನಗು ಎದ್ದಿತು. ನಿಲ್ಲಲೇ ಇಲ್ಲ. ನಾನು ಲೋಟವನ್ನು ಹಲಗೆಯ ಮೇಲೆ ಇಟ್ಟೆ. ಸಿಟ್ಟೋ, ನಾಚಿಕೆಯೋ, ಇನ್ನೇನೋ. ಆ ಡಬ್ಬದೊಳಗಿಂದ ಮೊದಲ ಸಲ ನನ್ನ ಮಾತು ಬಂದಿತ್ತು, ಎಳೆದಾಡಿದ ದನಿ ಬಿಟ್ಟರೆ ಒಂದು ಮಾತೂ ಹೆರೆಯದೆ ಕೂರಿಸಿದ್ದರು. ನಾನು ಮಾವನ ಮುಖ ನೋಡಿದೆ. ನಗುತ್ತಾರೇನೋ ಅಂತ ನೋಡಿದೆ, ಸುಳ್ಳು ಯಾಕೆ ಹೇಳಲಿ. ನಗಬಾರದು ಅಂತಲೂ ಬೇಡಿಕೊಳ್ಳುತ್ತಿದ್ದೆ.

ಮಾವ ನಗಲಿಲ್ಲ. ಹುಬ್ಬು ಗಂಟಿಕ್ಕಿ, ರೇಡಿಯೋ ಕಡೆ ಕಿವಿ ಕೊಟ್ಟು, ಆ ನಗು ಮುಗಿಯುವವರೆಗೂ ಕಾದರು. ಆಮೇಲೆ ನನ್ನ ಕಡೆ ತಿರುಗಿದರು.

"ಯಾಕವ್ವಾ ಇಂಗ್ ನಗ್ತಾವ್ರೆ? ಆವಮ್ಮ ಸರ್ಯಾಗೇ ಯೋಳ್ತಾವ್ಳಲ್ಲ."

"ಗೊತ್ತಿಲ್ಲ ಮಾವ" ಅಂದೆ. ನನಗೆ ನಿಜವಾಗಿಯೂ ಗೊತ್ತಿರಲಿಲ್ಲ.